'ಬಿಲಾಂಗ್' ಕಲಿಸಿದ್ದು 'ಸೇರು' ಹಿಡಿದು: ನನ್ನ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಅನುಭವ

"ಐ ಬಿಲಾಂಗ್ ದಿಸ್ ಬುಕ್."

ಅರಸೀಕೆರೆಯಲ್ಲಿ ಹನ್ನೊಂದು ವರ್ಷದಿಂದ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತಿದ್ದೇನೆ. ಈ ವಾಕ್ಯ ಕೇಳದ ಬ್ಯಾಚ್ ಒಂದೂ ಇರಲಿಲ್ಲ. ಕನ್ನಡ ಮೀಡಿಯಂ ಮಕ್ಕಳಿಗೆ ಪಾಠ ಮಾಡುವ ನಿಮಗೆಲ್ಲ ಇದರ ಅಣ್ಣತಮ್ಮಂದಿರೂ ಗೊತ್ತು: "ದಿಸ್ ಬುಕ್ ಈಸ್ ಬಿಲಾಂಗಿಂಗ್ ಟು ಮಿ", "ದಿಸ್ ಬೈಕ್ ಬಿಲಾಂಗ್ಸ್ ಮೈ ಬ್ರದರ್". ಹೇಳಬೇಕಾದದ್ದು "ದಿಸ್ ಬುಕ್ ಬಿಲಾಂಗ್ಸ್ ಟು ಮಿ", ಅಂದರೆ ಈ ಪುಸ್ತಕ ನನ್ನದು. ಹೋದ ಎರಡು ಬ್ಯಾಚಿನಲ್ಲಿ ಈ ತಪ್ಪುಗಳು ಹೆಚ್ಚುಕಡಿಮೆ ನಿಂತಿವೆ. ಪದ ಎಲ್ಲಿಂದ ಹುಟ್ಟಿತು ಅನ್ನುವುದನ್ನು ಹಿಡಿದು ಕಲಿಸಿದ್ದರಿಂದ ಹೀಗಾಯಿತು. ಪದದ ಹುಟ್ಟು ಹೇಳಿದರೆ ಬಾಯಲ್ಲಿ ಇಂಗ್ಲಿಷ್ ಬರುತ್ತಾ ಅಂತ ಕೇಳಿದವರು ಬಹಳ ಜನ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ. ಶುರುವಿನಲ್ಲಿ ನಾನೂ ಎಲ್ಲರಂತೆ ಬಿಲಾಂಗ್ ಅಂದರೆ 'ಒಡೆತನ' ಅಂತ ಹೇಳಿಕೊಡುತ್ತಿದ್ದೆ. ತೊಂದರೆ ಹುಟ್ಟಿದ್ದೇ ಅಲ್ಲಿ. ಒಡೆತನ ಅಂದ ಕೂಡಲೇ ಮಗುವಿನ ತಲೆಯಲ್ಲಿ ಒಡೆಯ ಮುಂದೆ ಬಂದು ನಿಲ್ಲುತ್ತಾನೆ. ನಾನು ಒಡೆಯ, ಪುಸ್ತಕ ನನ್ನ ಸೊತ್ತು. ಹಾಗಾಗಿ ವಾಕ್ಯ 'ಐ' ಇಂದ ಶುರುವಾಗುತ್ತದೆ. ಮಕ್ಕಳು ಮಾಡಿದ್ದು ಸರಿಯಾದ ಲೆಕ್ಕವೇ, ನಾನು ಕೊಟ್ಟ ಅರ್ಥ ತಪ್ಪು.

ಆಮೇಲೆ 'ಇಂಗ್' ಹಚ್ಚಬಾರದ ಕ್ರಿಯಾಪದಗಳ ಪಟ್ಟಿ ಬಾಯಿಪಾಠ ಮಾಡಿಸಿದೆ. ಅದಕ್ಕೆ ಬಣ್ಣದ ಕಾರ್ಡ್ ಪ್ರಿಂಟ್ ಹಾಕಿಸಿದೆ. ಸುಮಾರು 3,200 ರೂಪಾಯಿ ಹೋಯಿತು. ಆಗ ಒಬ್ಬರಿಗೆ ಫೀಸು 1,200, ರೂಮಿನ ಬಾಡಿಗೆ 4,000. ಅಂದರೆ ಮೂವರ ಫೀಸು ಕಾರ್ಡಿಗೇ ಖರ್ಚು. ಮಕ್ಕಳು ಪಟ್ಟಿ ಒಪ್ಪಿಸುತ್ತಿದ್ದರು, ಮಾತಾಡುವಾಗ ಮತ್ತೆ 'ಈಸ್ ಬಿಲಾಂಗಿಂಗ್'. ಕಾರ್ಡುಗಳು ಈಗಲೂ ಅಟ್ಟದ ಮೇಲಿವೆ.

ದಾರಿ ಸಿಕ್ಕಿದ್ದು ನಮ್ಮಪ್ಪನ ಹಳೇ ಕ್ರಯಪತ್ರದಲ್ಲಿ. ಏನೋ ಕೆಲಸಕ್ಕೆ ಅದನ್ನು ತೆಗೆದು ಚಕ್ಕುಬಂದಿ ಓದುತ್ತಿದ್ದೆ. ಪೂರ್ವಕ್ಕೆ ಇಂಥವರಿಗೆ ಸೇರಿದ ಜಮೀನು, ಪಶ್ಚಿಮಕ್ಕೆ ಇಂಥವರಿಗೆ ಸೇರಿದ ಜಮೀನು. ಜಮೀನು ಮುಂದೆ, ಮನುಷ್ಯನಿಗೆ 'ಗೆ'. ಬಿಲಾಂಗ್ಸ್ ಟು! ಕನ್ನಡದಲ್ಲೇ ಆ ಕಟ್ಟಡ ಹಾಗೇ ನಿಂತಿದೆ, ನಾನು ಒಡೆತನ ಒಡೆತನ ಅಂತ ಅದನ್ನು ಕೆಡವುತ್ತಿದ್ದೆ.

ಅವತ್ತು ರಾತ್ರಿ ನಿಘಂಟು ಹಿಡಿದು ಕೂತೆ. ಬಿಲಾಂಗ್ 14ನೇ ಶತಮಾನದ ಮಧ್ಯದಲ್ಲಿ ಕಾಣಿಸಿಕೊಂಡ ಪದ. 'ಬಿ' ಅನ್ನುವುದು ಒತ್ತು ಕೊಡುವ ಮುಂಭಾಗ, ಬಿಮೋನ್, ಬಿಸೀಜ್ ಥರ. ಉಳಿದ 'ಲಾಂಗ್' ಹಳೇ ಇಂಗ್ಲಿಷಿನ 'ಲಂಗಿಯನ್' ಕಡೆಯದು. ಅದಕ್ಕೆ ಜೊತೆಯಲ್ಲಿ ಹೋಗು, ಹೊಂದು, ಸಂಬಂಧಪಡು ಅನ್ನುವ ಅರ್ಥ. ಬಿಲಾಂಗ್‌ಗೂ ಮೊದಲಿದ್ದದ್ದು ಅದೇ ಅರ್ಥ. ಒಬ್ಬರ ಸೊತ್ತಾಗಿರು, ಒಂದು ಗುಂಪಿನವನಾಗಿರು ಅನ್ನುವುದು ಅದೇ ಶತಮಾನದ ಕೊನೆಯ ಹೊತ್ತಿಗೆ ಬಂತು. ಅಂದರೆ ಒಡೆತನ ತಡವಾಗಿ ಬಂದದ್ದು. ಮೊದಲಿದ್ದದ್ದು ಜೊತೆಗೆ ಹೋಗುವುದು.

ನಮ್ಮ 'ಸೇರು' ನೋಡಿ. ಊರು ಸೇರಿದೆವು, ಹೊಳೆ ಕಡಲು ಸೇರಿತು, ಕಾಲೇಜು ಸೇರಿದಳು, ಹೊಲ ಅವರಿಗೆ ಸೇರಿದ್ದು. ಇದೂ ನಡೆದು ಹೋಗಿ ಮುಟ್ಟುವ ಪದವೇ. ಎರಡು ಭಾಷೆಗೂ ನಂಟಿಲ್ಲ, ಆದರೂ ಹಿಡಿದ ದಾರಿ ಹತ್ತಿರದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನವೇ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. 'ಸೇರಿದ್ದು' ಅಂತ ಹೇಳಿಕೊಟ್ಟೆ, ಮಕ್ಕಳು "ದಿಸ್ ಬುಕ್ ಈಸ್ ಬಿಲಾಂಗ್ಡ್ ಟು ಮಿ" ಅಂದರು. 'ಸೇರಿದ್ದು' ಭೂತಕಾಲ ಅಲ್ವಾ, ಅವರು ನ್ಯಾಯವಾಗಿಯೇ 'ಡ್' ಹಚ್ಚಿದರು. ಆ ಬ್ಯಾಚಿನಲ್ಲಿ ಇಪ್ಪತ್ತಾರು ಜನ ಇದ್ದರು, ಅರ್ಧಕ್ಕಿಂತ ಜಾಸ್ತಿ ಜನ ಇದೇ ತಪ್ಪು ಮಾಡಿದರು. ಇಬ್ಬರು ಬಿಟ್ಟೂ ಹೋದರು. ಪಕ್ಕದ ಬೀದಿಯಲ್ಲಿ ಟ್ಯೂಷನ್ ಮಾಡುವ ಹಿರಿಯರೊಬ್ಬರು, "ಮೇಡಂ, ಕನ್ನಡ ಹೇಳಿಕೊಡೋಕೆ ಇಂಗ್ಲಿಷ್ ಫೀಸು ತಗೋತೀರಾ?" ಅಂದರು. ಬೇಜಾರಾಯಿತು.

ಆಮೇಲೆ 'ಸೇರಿದ್ದು' ಬಿಟ್ಟೆ, 'ಸೇರುತ್ತೆ' ಹಿಡಿದೆ. ಈ ಬ್ಯಾಗು ಯಾರಿಗೆ ಸೇರುತ್ತೆ? ನಂಗೆ ಸೇರುತ್ತೆ. ಬಿಲಾಂಗ್ಸ್ ಟು ಮಿ. 'ಸೇರುತ್ತೆ'ಯ ಬಾಲಕ್ಕೆ 'ಎಸ್', 'ಗೆ'ಗೆ 'ಟು'. ಎರಡೇ ಕೊಂಡಿ. ಆಮೇಲೆ ಬೋರ್ಡಿನ ಮೇಲೆ ಬೇಕಂತಲೇ ಬರೆದೆ: "ಈ ಬ್ಯಾಗು ನನಗೆ ಸೇರುತ್ತಾ ಇದೆ." ಎಲ್ಲರೂ ನಕ್ಕರು. ಹಿಂದಿನ ಬೆಂಚಿನ ಹುಡುಗ ಹೇಳಿದ, "ಮಿಸ್, ಸೇರ್ತಾ ಇದೆ ಅಂದ್ರೆ ಇನ್ನೂ ದಾರೀಲಿದೆ ಅಂತ ಅಲ್ವಾ?" ಮೂರು ಸಾವಿರದ ಕಾರ್ಡು ಮಾಡದ ಕೆಲಸ ಆ ಮಾತು ಮಾಡಿತು. ಅದರ ಪಕ್ಕದಲ್ಲೇ 'ಈಸ್ ಬಿಲಾಂಗಿಂಗ್' ಬರೆದು ಅಡ್ಡ ಗೆರೆ ಎಳೆದೆ. ನಿಯಮ ಹೇಳಲೇ ಇಲ್ಲ.

ಮೂರು ವಾರ ಬಿಟ್ಟು, ಹೇಳದೆ ಕೇಳದೆ ಮಾತಿನ ಮಧ್ಯೆ ಪರೀಕ್ಷಿಸಿದೆ. ನೆನಪಿರುವ ಹಾಗೆ ಇಪ್ಪತ್ತೆರಡು ಜನರಲ್ಲಿ ಹತ್ತೊಂಬತ್ತು ಜನ ಸರಿ ಹೇಳಿದರು. ಮೊದಲೆಲ್ಲ ಆರೇಳು ದಾಟುತ್ತಿರಲಿಲ್ಲ. ಈ ಪರೀಕ್ಷೆಗೆ ನಾನು ಒಂದು ಚೀಲದ ಆಟ ಆಡಿಸುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಕ್ಲಾಸಿನ ಬಂಡವಾಳ. ಫೀಸು ಈಗ 1,800, ಆದರೂ ಸೀಟು ತುಂಬುತ್ತದೆ. ಆ ಹಿರಿಯರ ಮೊಮ್ಮಗಳೂ ಈಗ ನನ್ನ ಹತ್ತಿರವೇ ಬರುತ್ತಾಳೆ.

ಗೆದ್ದ ಹುಮ್ಮಸ್ಸಿನಲ್ಲಿ ಬೇರೆ ಪ್ರಯೋಗವನ್ನೂ ಮಾಡಿದೆ. ಓನ್ (ಒಡೆತನ ಇರು), ಓ (ಸಾಲ ಕೊಡಬೇಕಾಗಿರು), ಆಟ್ (ಮಾಡಬೇಕಾದದ್ದು) ಮೂರೂ ಹಳೇ ಇಂಗ್ಲಿಷಿನ 'ಆಗನ್' ಅನ್ನುವ ಒಂದೇ ಬೇರಿನವು. ಮೂರನ್ನೂ ಒಂದೇ ದಿನ ಹೇಳಿದೆ. ಮಕ್ಕಳು "ಐ ಓ ದಿಸ್ ಬ್ಯಾಗ್" ಅನ್ನತೊಡಗಿದರು. ಒಂದು ವಾರ ಹಾಳು. ನೀವು ಇದನ್ನು ಮಾಡಬೇಡಿ.

ಜರ್ಮನಿಗೆ ಹೊರಟ ಇಬ್ಬರು ನರ್ಸಿಂಗ್ ಹುಡುಗಿಯರ ಜೊತೆ ಮಾಡಿದ್ದು ಮಾತ್ರ ಚೆನ್ನಾಗಿ ಕೂತಿತು. ಜರ್ಮನ್ನರು ಬಿಲಾಂಗ್‌ಗೆ 'ಗೆಹೋರೆನ್' ಅನ್ನುತ್ತಾರೆ. ಅದರ ಒಳಗಿರುವ 'ಹೋರೆನ್' ಅಂದರೆ ಕೇಳು. ಯಾರ ಮಾತು ಕೇಳುತ್ತೇನೋ ಅವರಿಗೆ ಸೇರಿದವನು. ನಮ್ಮಲ್ಲೂ 'ಮಾತು ಕೇಳು' ಅಂದರೆ ಹೇಳಿದಂತೆ ನಡೆ ಅಂತ ತಾನೇ? "ದಸ್ ಬುಖ್ ಗೆಹೋರ್ಟ್ ಮಿರ್", 'ಮಿರ್' ಅಂದರೆ ನೇರವಾಗಿ 'ನನಗೆ'. ಅಲ್ಲಿ 'ಟು' ಕೂಡ ಬೇಡ. ಆ ಹುಡುಗಿಯರಿಗೆ ಇಂಗ್ಲಿಷಿಗಿಂತ ಇದೇ ಸುಲಭವಾಯಿತು.

ಪಪುವಾ ನ್ಯೂಗಿನಿಯ ಟೋಕ್ ಪಿಸಿನ್ ಭಾಷೆಯಲ್ಲಿ ಬಿಲಾಂಗ್ ಕ್ರಿಯಾಪದವಾಗಿ ಉಳಿದೇ ಇಲ್ಲ. "ಹೌಸ್ ಬಿಲೋಂಗ್ ಮಿ" ಅಂದರೆ 'ನನ್ನ ಮನೆ'. ಇಡೀ ಪದ ಸವೆದು ನಮ್ಮ ಷಷ್ಠಿ ವಿಭಕ್ತಿಯ 'ಅ' (ರಾಮನ, ಮನೆಯ) ಮಾಡುವ ಕೆಲಸ ಮಾಡುತ್ತಿದೆ. ಇದನ್ನು ಕ್ಲಾಸಿನಲ್ಲಿ ಹೇಳುವುದು ಪ್ರಯೋಜನಕ್ಕಲ್ಲ, ಸುಮ್ನೆ ಖುಷಿಗೆ.

'ಐ ಬಿಲಾಂಗ್ ಟು ಹಾಸನ್' ಅನ್ನುವುದನ್ನು ನಾನು ತಿದ್ದುವುದಿಲ್ಲ. ಸ್ಕಾಟ್ಲೆಂಡಿನವರೂ ತಮ್ಮ ಊರು ಹೇಳುವಾಗ ಹಾಗೇ ಅನ್ನುತ್ತಾರೆ. ಇಂಟರ್‌ವ್ಯೂನಲ್ಲಿ ಮಾತ್ರ 'ಐ ಆ್ಯಮ್ ಫ್ರಮ್' ಅಂತ ಹೇಳಿ ಅನ್ನುತ್ತೇನೆ.

ಒಂದು ಕಡೆ ಈ ದಾರಿಯೂ ಕೈಕೊಡುತ್ತದೆ. ಕಳೆದ ಬ್ಯಾಚಿನಲ್ಲಿ ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು "ದಿ ಹಾಸ್ಟೆಲ್ ಡಸ್ ನಾಟ್ ಬಿಲಾಂಗ್ ಟು ಮಿ" ಅಂತ ಬರೆದಿದ್ದಳು. ಹಾಸ್ಟೆಲ್ ನಿನ್ನದಲ್ಲ, ಅದು ಗೊತ್ತಿರುವುದೇ ಅಲ್ವಾ ಅಂದೆ. "ಅದಲ್ಲ ಮಿಸ್, ನಂಗೆ ಹಾಸ್ಟೆಲ್ ಸೇರ್ತಾ ಇಲ್ಲ" ಅಂದಳು. ಊಟ ಸೇರುತ್ತಿಲ್ಲ ಅನ್ನುತ್ತೇವಲ್ಲ, ಆ 'ಸೇರು'. ಇಲ್ಲಿ 'ಸೇರ್ತಾ ಇಲ್ಲ' ಕೂಡ ಸರಿಯೇ. ಕನ್ನಡದಲ್ಲಿ ಊರು ನಮಗೆ ಸೇರಬೇಕು. ಇಂಗ್ಲಿಷಿನಲ್ಲಿ ನಾವು ಊರಿಗೆ ಸೇರಬೇಕು. ವಾಕ್ಯ ತಿರುಗಿಸು, 'ಟು ಮಿ' ಬಿಡು, 'ಹಿಯರ್' ಹಾಕು ಅಂದೆ. ಅವಳು ಬರೆದುಕೊಟ್ಟಳು: "ಐ ಡು ನಾಟ್ ಬಿಲಾಂಗ್ ಹಿಯರ್ ಯೆಟ್." 'ಯೆಟ್' ನಾನು ಹೇಳಿಕೊಟ್ಟದ್ದಲ್ಲ.

ಈ 'ಸೇರು'ವಿಗೆ ಬೇರೆಯದೇ ಪಾಠ ಕಟ್ಟಬೇಕು. ಜೂನ್ ಬ್ಯಾಚಿಗೆ ಅದನ್ನೇ ಹಿಡಿದಿದ್ದೇನೆ.