ಶುಗರ್ ಇಳಿದರೂ ಗೊತ್ತಾಗುತ್ತಿಲ್ವಾ? ಹೀಗೆ ಮಾಡಿ

ನಮ್ಮಪ್ಪ ಹದಿನೆಂಟು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ಹೋದ ಬೇಸಿಗೆಯಲ್ಲಿ ಕೋಲಾರದ ಟೊಮೆಟೊ ಮಂಡಿಯಲ್ಲಿ ಬಾಕ್ಸ್ ಎಣಿಸುತ್ತಾ ಹದಿನಾಲ್ಕು ಅಂದವರು ಮತ್ತೆ ಒಂಬತ್ತು ಅಂದರು. ಕೂತ್ಕೊಳ್ಳಪ್ಪಾ ಅಂದರೆ, "ನನಗೇನಾಗಿದೆಯೋ?" ಅಂತ ಸಿಡುಕಿದರು. ಬೆವರಿಲ್ಲ, ನಡುಕವಿಲ್ಲ. ಮೀಟರ್ ನೋಡಿದರೆ 46.

ಶುಗರ್ 70ಕ್ಕಿಂತ ಕೆಳಗೆ ಇಳಿಯುತ್ತಿದ್ದ ಹಾಗೇ ಸಾಮಾನ್ಯವಾಗಿ ಅಡ್ರಿನಲಿನ್ ಏರುತ್ತದೆ, ಎದೆ ಡವಡವ, ಕೈ ನಡುಕ, ಬೆವರು ಎಲ್ಲ ಅದರಿಂದಲೇ. ಆದರೆ ಪದೇ ಪದೇ ಇಳಿಯುತ್ತಿದ್ದರೆ ದೇಹಕ್ಕೆ ಅದು ರೂಢಿಯಾಗಿ, 50 ಆದರೂ ಸುಮ್ನಿರುತ್ತದೆ. ಅಷ್ಟರಲ್ಲಿ ಮಿದುಳಿಗೇ ಸಕ್ಕರೆ ಸಾಲದೆ ಮಾತು, ಲೆಕ್ಕ ತಪ್ಪುತ್ತದೆ. ತಪ್ಪಿದೆ ಅಂತ ಗುರುತಿಸಬೇಕಾದ್ದೂ ಅದೇ ಮಿದುಳು ಅಲ್ವಾ? ಅದಕ್ಕೇ "ನಾನು ಚೆನ್ನಾಗಿದ್ದೀನಿ" ಅನ್ನುವ ಮಾತು ನಂಬಬೇಡಿ, ಬೆರಳಿಗೆ ಸೂಜಿ ಚುಚ್ಚಿ ನೋಡಿ.

ಹಳೇ ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಇದು ಜಾಸ್ತಿ. ಬಿಪಿಗೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ಎದೆಬಡಿತ, ನಡುಕವನ್ನು ಮರೆಮಾಡಬಹುದು. ಹಾಗಂತ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಖಾಲಿ ಹೊಟ್ಟೆಯಲ್ಲಿ ಮದ್ಯ ಕುಡಿಯುವುದಂತೂ ಬೇಡವೇ ಬೇಡ, ಲಿವರ್ ಸಕ್ಕರೆ ಬಿಡುವುದನ್ನೇ ಅದು ತಡೆಯುತ್ತದೆ.

ಊಟಕ್ಕೆ ಮುಂಚೆ, ಮಲಗುವ ಮುಂಚೆ, ಗಾಡಿ ಹತ್ತುವ ಮುಂಚೆ, ತೋಟದ ಕೆಲಸ ಆದ ಮೇಲೆ ನೋಡಿಕೊಳ್ಳಿ. ಆಗಾಗ ರಾತ್ರಿ ಎರಡು ಮೂರು ಗಂಟೆಗೂ ಒಮ್ಮೆ. ಎಲ್ಲ ಬರೆದಿಟ್ಟು ಡಾಕ್ಟರಿಗೆ ತೋರಿಸಿ, ಡೋಸ್ ಅವರೇ ಬದಲಿಸಲಿ. ಎರಡು ಮೂರು ವಾರ ಒಂದು ಸಲವೂ ಇಳಿಯದ ಹಾಗೆ ನೋಡಿಕೊಂಡರೆ ಬಹಳ ಜನಕ್ಕೆ ಆ ಎಚ್ಚರಿಕೆ ಸ್ವಲ್ಪವಾದರೂ ವಾಪಸ್ ಬರುತ್ತದೆ. ಅಪ್ಪನಿಗೆ ರಾತ್ರಿ ಡೋಸ್ ಕಮ್ಮಿ ಮಾಡಿದರು. ತಿಂಗಳಾದ ಮೇಲೆ ಒಂದು ದಿನ ಅವರೇ "ಕೈ ನಡುಗ್ತಿದೆ ಕಣೋ" ಅಂದರು, ಮೀಟರಲ್ಲಿ 64. ನನಗೆ ಎಷ್ಟು ಖುಷಿಯಾಯಿತು ಗೊತ್ತಾ!

70ಕ್ಕಿಂತ ಕಮ್ಮಿ ಬಂದರೆ ಮೂರು ಚಿಕ್ಕ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಮುದ್ದೆ, ಬಿಸ್ಕತ್ತು ಆಮೇಲೆ, ಅವು ನಿಧಾನ. ಅಪ್ಪನ ಅಂಗಿ ಜೇಬಲ್ಲಿ ಈಗ ಗ್ಲೂಕೋಸ್ ಪುಡಿ ಇರುತ್ತದೆ, ಮಂಡಿಯಲ್ಲಿ ಪಕ್ಕದವರಿಗೂ ಹೇಳಿಟ್ಟಿದ್ದೇವೆ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ, ತಕ್ಷಣ 108ಕ್ಕೆ ಫೋನ್ ಮಾಡಿ.