ಅಪ್ಪ-ಅಮ್ಮನಿಗೆ ಜರ್ಮನಿ ವೀಸಾ: ನಾನು ಕಡತ ಜೋಡಿಸಿದ ಬಗೆ

ಜರ್ಮನಿಯಲ್ಲಿ ಕೆಲಸ ಮಾಡುವವರು ಊರಿನಲ್ಲಿರುವ ಅಪ್ಪ-ಅಮ್ಮನನ್ನು ಕೆಲವು ವಾರಗಳ ಮಟ್ಟಿಗೆ ಕರೆಸಿಕೊಳ್ಳಲು ಬೇಕಾದದ್ದು ಷೆಂಗೆನ್ ಸಿ ವೀಸಾ. ಷೆಂಗೆನ್ ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು; ಸಿ ಅಂದರೆ ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90 ದಿನ ಇರಬಹುದಾದ ಅಲ್ಪಾವಧಿ ವೀಸಾ. ಕಡತ ನೋಡುವ ಅಧಿಕಾರಿಗೆ ಮುಖ್ಯವಾಗಿ ಎರಡು ಪ್ರಶ್ನೆ: ಖರ್ಚು ಯಾರದು, ಇವರು ವಾಪಸ್ ಹೋಗುತ್ತಾರಾ? ಮಕ್ಕಳು ಮೊದಲನೆಯದಕ್ಕೆ ಕಾಗದದ ರಾಶಿಯನ್ನೇ ಹಾಕುತ್ತಾರೆ, ಎರಡನೆಯದನ್ನು ಮರೆತುಬಿಡುತ್ತಾರೆ. ನಾನು ಎರಡನೆಯದನ್ನೇ ಮುಂದಿಟ್ಟುಕೊಂಡು ಕಡತ ಜೋಡಿಸಿದೆ.

ಮೊದಲು ಖರ್ಚಿನ ವಿಷಯ ಮುಗಿಸಿಬಿಡೋಣ. ನಾವಿರುವ ಊರಿನ ವಿದೇಶಿಯರ ಕಚೇರಿಗೆ ಖುದ್ದಾಗಿ ಹೋಗಿ ಜಾಮೀನು ಪತ್ರಕ್ಕೆ ಸಹಿ ಹಾಕಬೇಕು. ಇದಕ್ಕೆ ಜರ್ಮನ್ನರು ಫೆರ್‌ಫ್ಲಿಷ್ಟುಂಗ್ಸ್‌ಎರ್ಕ್ಲೇರುಂಗ್ ಅನ್ನುತ್ತಾರೆ. ಶುಲ್ಕ 29 ಯೂರೋ. ಪಾಸ್‌ಪೋರ್ಟ್, ನಿವಾಸ ಪರವಾನಗಿ ಕಾರ್ಡು, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಬಾಡಿಗೆ ಕರಾರು ಒಯ್ದೆ. ಜೊತೆಗೆ ಅಪ್ಪ-ಅಮ್ಮನ ಪಾಸ್‌ಪೋರ್ಟಿನ ಪ್ರತಿ. ಗಂಡ-ಹೆಂಡತಿ ಜೊತೆಯಾಗಿ ಬರುವುದಾದರೆ ಒಂದೇ ಪತ್ರ ಸಾಕು. ಪತ್ರ ಕೈಗೆ ಬಂದ ಕೂಡಲೇ ಅಲ್ಲೇ ನಿಂತು, ಆರ್ಥಿಕ ಸಾಮರ್ಥ್ಯ ರುಜುವಾತಾಗಿದೆ ಎಂಬ ಸಾಲಿಗೆ ಗುರುತು ಬಿದ್ದಿದೆಯೇ ನೋಡಿಕೊಳ್ಳಿ. ಅದಿಲ್ಲದಿದ್ದರೆ ಪತ್ರಕ್ಕೆ ತೂಕವಿಲ್ಲ. ಅರ್ಜಿ ಹಾಕುವ ದಿನಕ್ಕೆ ಪತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು, ಮೂಲ ಪ್ರತಿಯನ್ನೇ ಕೊರಿಯರ್‌ನಲ್ಲಿ ಊರಿಗೆ ಕಳಿಸಬೇಕು. ಈ ಸಹಿ ಬರಿಯ ಔಪಚಾರಿಕತೆಯಲ್ಲ ಅನ್ನುವುದೂ ಗೊತ್ತಿರಲಿ: ಅತಿಥಿಗಳಿಗಾಗಿ ಸರ್ಕಾರ ಮಾಡುವ ಖರ್ಚು, ಆಸ್ಪತ್ರೆ ಬಿಲ್ಲು ಸೇರಿದಂತೆ, ನಮ್ಮ ತಲೆಗೆ ಬರುತ್ತದೆ. ಕೆಲವು ನಗರಗಳಲ್ಲಿ ಈ ಕಚೇರಿಯ ಅಪಾಯಿಂಟ್‌ಮೆಂಟ್ ಸಿಗುವುದೇ ವಾರಗಟ್ಟಲೆ ತಡ. ಹಾಗಾಗಿ ಇಡೀ ಕೆಲಸ ಶುರುವಾಗಬೇಕಾದದ್ದು ಇಲ್ಲಿಂದ, ಬೆಂಗಳೂರಿನಿಂದಲ್ಲ.

ಇನ್ನು ವಾಪಸ್ ಹೋಗುವ ಪ್ರಶ್ನೆ. ಇದಕ್ಕೆ ಉತ್ತರ ಊರಿನ ಬೀರುವಿನಲ್ಲೇ ಇರುತ್ತದೆ. ನಿವೃತ್ತ ನೌಕರರಾದರೆ ಪಿಂಚಣಿ ಆದೇಶದ ಪ್ರತಿ, ಪಿಂಚಣಿ ಜಮೆಯಾಗುವ ಖಾತೆಯ ವಿವರ. ಜಮೀನಿದ್ದರೆ ಈ ವರ್ಷದ ಪಹಣಿ. ಮನೆ ಸ್ವಂತದ್ದಾದರೆ ತೆರಿಗೆ ರಸೀದಿ. ಪಹಣಿ ಇರುವುದು ಕನ್ನಡದಲ್ಲಿ, ಹಾಗಾಗಿ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿಯಿಂದ ದೃಢೀಕರಿಸಿ ಲಗತ್ತಿಸಿದೆ. ಅನುವಾದ ಮಾಡಿಸುವಾಗ ಕಾಲಂ 9ರಲ್ಲಿರುವ ಕಬ್ಜೆದಾರರ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದುತ್ತದೆಯೇ ನೋಡಬೇಕು. ಪಹಣಿಯಲ್ಲಿ ‘ಬಿನ್’ ಹಚ್ಚಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದ ಹೆಸರು, ಆಧಾರ್‌ನಲ್ಲಿ ಮೂರನೆಯದು; ನಮ್ಮ ಕಡೆ ಇದು ಮಾಮೂಲು. ಮೂರೂ ಒಬ್ಬರದ್ದೇ ಎಂದು ಒಂದು ಅಫಿಡವಿಟ್ ಇಟ್ಟರೆ ಮುಗಿಯಿತು.

ಬ್ಯಾಂಕ್ ಸ್ಟೇಟ್‌ಮೆಂಟ್ ವಿಷಯದಲ್ಲಿ ಜನ ಮಾಡುವ ದೊಡ್ಡ ಎಡವಟ್ಟು ಎಂದರೆ ಅರ್ಜಿಗೆ ವಾರ ಮುಂಚೆ ಅಪ್ಪನ ಖಾತೆಗೆ ನಾಲ್ಕೈದು ಲಕ್ಷ ಹಾಕುವುದು. ತಿಂಗಳಿಗೆ ಮೂವತ್ತು ಸಾವಿರ ಪಿಂಚಣಿ ಬರುವ ಖಾತೆಯಲ್ಲಿ ದಿಢೀರನೆ ಲಕ್ಷಗಳು ಕಂಡರೆ ಅನುಮಾನ ಬರುವುದು ಸಹಜ. ಜಾಮೀನು ಪತ್ರ ಇರುವಾಗ ಅದರ ಅಗತ್ಯವೂ ಇಲ್ಲ. ಖಾತೆ ಹೇಗಿದೆಯೋ ಹಾಗೇ ಇರಲಿ, ಮೂರು ತಿಂಗಳ ಸ್ಟೇಟ್‌ಮೆಂಟಿಗೆ ಬ್ಯಾಂಕಿನ ಸೀಲು ಹಾಕಿಸಿದರೆ ಸಾಕು.

ಒಂದು ಪುಟದ ಪತ್ರವನ್ನು ಅಪ್ಪನ ಹೆಸರಿನಲ್ಲಿ ಬರೆದೆ: ಯಾವಾಗ ಬರುತ್ತೇವೆ, ಯಾವಾಗ ಹೊರಡುತ್ತೇವೆ, ಆ ತಾರೀಖೇ ಏಕೆ, ನಾವಿಲ್ಲದಾಗ ತೋಟ ನೋಡಿಕೊಳ್ಳುವವರು ಯಾರು. ಅಡಿಕೆ ಕೊಯ್ಲಿಗೆ ಮುಂಚೆ ಮರಳುತ್ತೇವೆ ಎಂಬ ಒಂದು ಸಾಲು, ‘ನಾವು ಖಂಡಿತ ವಾಪಸ್ ಬರುತ್ತೇವೆ’ ಎಂದು ಹತ್ತು ಸಲ ಬರೆಯುವುದಕ್ಕಿಂತ ಮೇಲು. ಪೂರ್ತಿ 90 ದಿನ ಕೇಳುವ ಬದಲು ಆರೇಳು ವಾರ ಕೇಳುವುದು ಮೊದಲ ಸಲಕ್ಕೆ ಜಾಣತನ ಎಂದು ನನ್ನ ಅಭಿಪ್ರಾಯ.

ಅರ್ಜಿ ತುಂಬುವುದು ವಿಡೆಕ್ಸ್ ಎಂಬ ಜರ್ಮನ್ ಸರ್ಕಾರದ ಜಾಲತಾಣದಲ್ಲಿ. ಕೊನೆಗೆ ಬರುವ ಬಾರ್‌ಕೋಡ್ ಪುಟಗಳನ್ನೂ ಮುದ್ರಿಸಬೇಕು. ಅಮ್ಮನ ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿ, ಹೀಗಿರುವವರು ನಮ್ಮಲ್ಲಿ ಬಹಳ ಜನ. ಹೆಸರನ್ನೇ ಉಪನಾಮದ ಜಾಗದಲ್ಲಿ ತುಂಬಿ, ವಿಮೆಯಲ್ಲೂ ಟಿಕೆಟ್‌ನಲ್ಲೂ ಅದೇ ಕ್ರಮ ಇಟ್ಟೆ. ಪಾಸ್‌ಪೋರ್ಟಿನಲ್ಲಿ ಕನ್ನಡ ಸಹಿ ಇದ್ದರೆ ಅರ್ಜಿಯಲ್ಲೂ ಕನ್ನಡದಲ್ಲೇ ಹಾಕಿಸಿ. ಪಾಸ್‌ಪೋರ್ಟು ಷೆಂಗೆನ್ ಬಿಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು.

ವಿಮೆ 30,000 ಯೂರೋಗೆ ಕಡಿಮೆ ಇಲ್ಲದಂತೆ, ಇಡೀ ಷೆಂಗೆನ್‌ಗೆ ಅನ್ವಯಿಸುವಂತೆ ಇರಬೇಕು. ವೀಸಾಕ್ಕೆ ಅತಿ ಅಗ್ಗದ ಪಾಲಿಸಿಯೂ ನಡೆಯುತ್ತದೆ, ಆದರೆ ಬಿಪಿ, ಸಕ್ಕರೆ ಇರುವವರಿಗೆ ಅದು ಬರೀ ಕಾಗದ. ಮೊದಲೇ ಇರುವ ಕಾಯಿಲೆ ಉಲ್ಬಣಿಸಿದರೆ ಏನು ಕೊಡುತ್ತೀರಿ ಎಂದು ಬರಹದಲ್ಲಿ ಕೇಳಿ. ಟಿಕೆಟ್ ಬರೀ ಕಾಯ್ದಿರಿಸಿ, ವೀಸಾ ಬಂದ ಮೇಲೆ ದುಡ್ಡು ಕಟ್ಟಿ.

ದೂತಾವಾಸದ ಪರವಾಗಿ ಅರ್ಜಿ ಪಡೆಯುವ ಖಾಸಗಿ ಸಂಸ್ಥೆ ವಿಎಫ್‌ಎಸ್; ಬೆಂಗಳೂರಿನ ಅದರ ಕೇಂದ್ರಕ್ಕೆ ಇಬ್ಬರೂ ಖುದ್ದಾಗಿ ಹೋಗಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಉಳಿದಿರಬಾರದು. ಶುಲ್ಕ ತಲಾ 90 ಯೂರೋ, ಕಟ್ಟುವುದು ರೂಪಾಯಿಯಲ್ಲಿ; ಕೇಂದ್ರದ ಸೇವಾ ಶುಲ್ಕ ಬೇರೆ. ಹತ್ತೂ ಬೆರಳಚ್ಚು ತೆಗೆಯುತ್ತಾರೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಬೀಳದವರಿಗೆ ಇಲ್ಲೂ ಅದೇ ಪಾಡು: ಹೊಲದ ಕೆಲಸ ಮಾಡಿದ ಕೈ, ಸವೆದ ಬೆರಳು. ಒಂದು ವಾರ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, ಆ ದಿನ ಬೆಳಿಗ್ಗೆ ಸೋಪಿನಲ್ಲಿ ಜಿಡ್ಡು ತೊಳೆದರೆ ಬಹುಪಾಲು ಬೀಳುತ್ತದೆ. ಮೆಹಂದಿ ಬೇಡ. ಕೊಟ್ಟ ಬೆರಳಚ್ಚು 59 ತಿಂಗಳು ದಾಖಲೆಯಲ್ಲಿರುತ್ತದೆ.

ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45ರವರೆಗೆ. ನಿರಾಕರಿಸಿದರೆ ಕಾರಣಕ್ಕೆ ಗುರುತು ಹಾಕಿದ ಕಾಗದ ಬರುತ್ತದೆ. ಮೊದಲು ಅದಕ್ಕೆ ದೂತಾವಾಸಕ್ಕೇ ಆಕ್ಷೇಪ ಬರೆಯಬಹುದಿತ್ತು. 2025ರ ಜುಲೈ 1ರಿಂದ ಆ ದಾರಿ ಇಲ್ಲ. ಬರ್ಲಿನ್ ಆಡಳಿತ ನ್ಯಾಯಾಲಯಕ್ಕೆ ಹೋಗುವುದು ಅಥವಾ ಕೊರತೆ ಸರಿಪಡಿಸಿ ಹೊಸ ಅರ್ಜಿ ಹಾಕುವುದು. ಎರಡನೆಯದೇ ವಾಸಿ.

ವೀಸಾ ಬಂದಾಗ ಪಾಸ್‌ಪೋರ್ಟಿಗೆ ಅಂಟಿಸಿದ ಚೀಟಿಯನ್ನು ಬೆಳಕಿಗೆ ಹಿಡಿದು ಓದಿ. ‘ಈ ದಿನದಿಂದ–ಈ ದಿನದವರೆಗೆ’ ಎಂಬ ತಾರೀಖು ಬೇರೆ, ಇರಬಹುದಾದ ದಿನಗಳ ಸಂಖ್ಯೆ ಬೇರೆ. ತಾರೀಖಿನಲ್ಲಿ ಸಾಮಾನ್ಯವಾಗಿ 15 ದಿನ ಹೆಚ್ಚಿಗೆ ಕೊಟ್ಟಿರುತ್ತಾರೆ, ಅದನ್ನು ನೋಡಿ ಉಳಿದುಕೊಂಡವರು ಸಿಕ್ಕಿಬೀಳುತ್ತಾರೆ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಇಬ್ಬರ ಕೈಚೀಲದಲ್ಲೂ ನನ್ನ ವಿಳಾಸ, ಫೋನ್ ನಂಬರ್, ಆಹ್ವಾನ ಪತ್ರ, ಜಾಮೀನು ಪತ್ರದ ಮೂಲ, ವಿಮೆ, ವಾಪಸ್ ಟಿಕೆಟ್ ಇಡಿಸಿದ್ದೆ, ಸೂಟ್‌ಕೇಸಿನೊಳಗಲ್ಲ. ವಿಮಾನ ಕಂಪನಿಗೆ ಎರಡು ದಿನ ಮುಂಚೆ ಹೇಳಿ ಗಾಲಿಕುರ್ಚಿ ಕಾಯ್ದಿರಿಸಿದರೆ ವಲಸೆ ಕೌಂಟರಿನವರೆಗೂ ಜೊತೆಗೊಬ್ಬರು ಬರುತ್ತಾರೆ, ಇಂಗ್ಲಿಷ್ ಬಾರದವರಿಗೆ ಇದು ದೊಡ್ಡ ಆಸರೆ.

ಹೇಳಿದ ದಿನಕ್ಕೆ ಮರಳಿದವರಿಗೆ ಮುಂದೆ ಸಲೀಸು. 2024ರ ಏಪ್ರಿಲ್‌ನಿಂದ ಭಾರತದವರಿಗಿರುವ ನಿಯಮದ ಪ್ರಕಾರ, ಮೂರು ವರ್ಷದೊಳಗೆ ಎರಡು ವೀಸಾ ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ, ಆಮೇಲೆ ಐದು ವರ್ಷದ್ದು ಸಿಗಬಹುದು. ಅದು ಬಂದರೂ 180 ದಿನದಲ್ಲಿ 90 ದಿನದ ಲೆಕ್ಕ ಹಾಗೆಯೇ ಇರುತ್ತದೆ.