ಎರಡು ಲಕ್ಷ ಕಿಲೋಮೀಟರ್ ಓಡಿದ ಮನೆ ಕಾರನ್ನು ನೋಡಿಕೊಳ್ಳುವ ಬಗೆ

ನಮ್ಮ ಮನೆಯ ಸ್ಯಾಂಟ್ರೋ 2008ರದ್ದು. ಮೀಟರ್ ಎರಡು ಲಕ್ಷ ದಾಟಿದೆ. ತುಮಕೂರಿನಿಂದ ಗುಬ್ಬಿ, ಕುಣಿಗಲ್, ಸಿರಾ ಅಂತ ನೆಂಟರ ಮನೆಗಳಿಗೂ, ಬೆಂಗಳೂರಿನ ಆಸ್ಪತ್ರೆಗೂ, ತೋಟಕ್ಕೂ ಈಗಲೂ ಅದೇ ಹೋಗುತ್ತದೆ. ಅಕ್ಕಪಕ್ಕದ ಹುಡುಗರು, ನಮ್ಮ ಸೊಸೆಯ ಕಡೆಯವರು ಹಳೇ ಕಾರು ತೆಗೆದುಕೊಂಡಾಗಲೆಲ್ಲ "ಆಂಟಿ, ನೀವು ಹೇಗೆ ನಿಭಾಯಿಸ್ತೀರಿ?" ಅಂತ ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದದ್ದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಹಳೆಯ ಕಾರು ಇದ್ದಕ್ಕಿದ್ದ ಹಾಗೆ ಕೆಡುವುದು ಕಡಿಮೆ. ಕೆಡುವ ಮೊದಲು ಎಲ್ಲೋ ಒಂದು ಹನಿ ಸೋರುತ್ತದೆ, ಒಂದು ವಾಸನೆ ಬರುತ್ತದೆ, ಒಂದು ಸದ್ದು ಶುರುವಾಗುತ್ತದೆ. ಅದನ್ನು ಗಮನಿಸುವವರು ಮನೆಯಲ್ಲಿ ಒಬ್ಬರು ಇರಬೇಕು. ಓಡಿಸುವವರೇ ಆಗಬೇಕು ಅಂತಿಲ್ಲ. ನಾನು ಈಗ ಓಡಿಸುವುದಿಲ್ಲ, ಆದರೆ ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು ನಾನೇ.

ಮೊದಲು ಒಂದು ನೋಟ್‌ಬುಕ್ ಇಡಿ. ತಾರೀಖು, ಆ ದಿನದ ಕಿಲೋಮೀಟರ್, ಏನು ಹಾಕಿಸಿದಿರಿ, ಎಷ್ಟಾಯಿತು. ಇಷ್ಟೇ ಸಾಕು. ಗ್ಯಾರೇಜ್ ಬದಲಾಗುತ್ತದೆ, ಮೆಕ್ಯಾನಿಕ್ ಬೇರೆ ಊರಿಗೆ ಹೋಗುತ್ತಾನೆ, ಓಡಿಸುವವರ ನೆನಪೂ ಕೈಕೊಡುತ್ತದೆ. "ಬ್ರೇಕ್ ಪ್ಯಾಡ್ ಹೋದ ವರ್ಷ ಹಾಕಿಸಿದ್ದೀವಲ್ಲ" ಅಂತ ಅಂದುಕೊಂಡಿರುತ್ತೇವೆ. ನೋಟ್‌ಬುಕ್ ತೆರೆದರೆ ಅದಾಗಿ ಮೂರು ವರ್ಷ ಕಳೆದಿರುತ್ತದೆ. ಎರಡನೇ ಕೈಯಲ್ಲಿ ಕಾರು ಕೊಂಡಿದ್ದರೆ, ಹಿಂದಿನವರು ಏನು ಮಾಡಿಸಿದ್ದರು ಅಂತ ಬರೆದದ್ದು ಇಲ್ಲದಿದ್ದರೆ, ಏನೂ ಮಾಡಿಸಿಲ್ಲ ಅಂತಲೇ ತಿಳಿದು ಆಯಿಲ್, ಫಿಲ್ಟರ್, ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ), ಬ್ರೇಕ್ ಆಯಿಲ್ ಎಲ್ಲವನ್ನೂ ಹೊಸದಾಗಿ ಹಾಕಿಸಿ. ಅಲ್ಲಿಂದ ನಿಮ್ಮ ಲೆಕ್ಕ ಶುರು.

ವಾರಕ್ಕೊಂದು ದಿನ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಕಾರು ಸಮನಾದ ಜಾಗದಲ್ಲಿ ನಿಂತಿರುವಾಗ ನೋಡಿ. ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಹೆಚ್ಚು ಓಡಿದ ಎಂಜಿನ್ ಸ್ವಲ್ಪ ಆಯಿಲ್ ಕುಡಿಯುವುದು ಸಹಜ, ಅದಕ್ಕೆ ಗಾಬರಿ ಬೇಡ. ಕುಡಿದಷ್ಟನ್ನು ನೋಡಿ ತುಂಬಿಸದೆ ಓಡಿಸುವುದೇ ಎಂಜಿನ್ ಕೊಲ್ಲುವುದು. ಅದೇ ಗ್ರೇಡಿನ ಆಯಿಲ್ ಒಂದು ಡಬ್ಬ ಮನೆಯಲ್ಲಿರಲಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಒಳಗೆ ಹಾಲು ಬೆರೆತ ಕಾಫಿ ಬಣ್ಣದ ಕೆನೆ ದಪ್ಪಗೆ ಕಂಡರೆ ನೀರು ಆಯಿಲ್‌ಗೆ ಸೇರುತ್ತಿರಬಹುದು. ಆ ಕಾರನ್ನು ದೂರ ತೆಗೆದುಕೊಂಡು ಹೋಗಬೇಡಿ, ಮೆಕ್ಯಾನಿಕ್ ಕರೆಸಿ.

ಹೊಗೆಯ ಬಣ್ಣವನ್ನೂ ಗಮನಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಬಂದರೆ ಇಂಧನ ಜಾಸ್ತಿ ಹೋಗುತ್ತಿದೆ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಬಿಳಿ ಆವಿ ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಸುಡುತ್ತಿರಬಹುದು.

ಆಮೇಲೆ ಕಾರಿನ ಕೆಳಗೆ ನೆಲ ನೋಡಿ. ಏಸಿ ಹಾಕಿದ್ದಾಗ ತೊಟ್ಟಿಕ್ಕುವ ತಿಳಿ ನೀರಿಗೆ ಹೆದರಬೇಕಿಲ್ಲ. ಕಪ್ಪು, ಕಂದು ಕಲೆ ಇದ್ದರೆ ಎಂಜಿನ್ ಆಯಿಲ್. ಹಸಿರು ಅಥವಾ ಗುಲಾಬಿ ಬಣ್ಣದ್ದು ಕೂಲೆಂಟ್. ಚಕ್ರದ ಹತ್ತಿರ ಜಾರುವಂಥ ತಿಳಿ ಹಳದಿ ದ್ರವ ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು, ಆ ದಿನ ಗಾಡಿ ಗೇಟಿನಿಂದ ಆಚೆ ಹೋಗಬಾರದು.

ಈಗ ನೀರಿನ ವಿಷಯ. ನಮ್ಮ ಕಡೆ ಹಳೆಯ ಕಾರುಗಳು ಹಾಳಾಗುವುದು ಇದರಿಂದಲೇ ಜಾಸ್ತಿ ಅಂತ ನನಗೆ ಅನಿಸುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತುಮಕೂರು ಜಿಲ್ಲೆಯಲ್ಲಿ ಬಹಳ ಕಡೆ ಬೋರ್‌ವೆಲ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ಎಲ್ಲ ಮನೆಯಲ್ಲೂ ನೋಡಿದ್ದೀರಿ. ಅದೇ ನೀರನ್ನು ರೇಡಿಯೇಟರ್‌ಗೆ ಸುರಿದರೆ ಒಳಗಿನ ಸಣ್ಣ ಕೊಳವೆಗಳಲ್ಲೂ ಅದೇ ಪದರ ಕಟ್ಟುತ್ತದೆ. ನೀರು ಸರಿಯಾಗಿ ಸುತ್ತುವುದಿಲ್ಲ, ಶಾಖ ಹೊರಗೆ ಹೋಗುವುದಿಲ್ಲ. ಸುಮ್ನೆ ನೀರು ಹಾಕಿದರೆ ತುಕ್ಕೂ ಹಿಡಿಯುತ್ತದೆ. ಕೂಲೆಂಟ್‌ನಲ್ಲಿ ತುಕ್ಕು ತಡೆಯುವ ಅಂಶ ಇರುತ್ತದೆ, ನೀರು ಬೇಗ ಕುದಿಯದಂತೆಯೂ ಅದು ನೋಡಿಕೊಳ್ಳುತ್ತದೆ. ಬೆರೆಸಿಯೇ ಬರುವ ಕೂಲೆಂಟ್ ಸಿಗುತ್ತದೆ, ಅದನ್ನು ನೇರವಾಗಿ ಹಾಕಬಹುದು. ನೀರು ಬೆರೆಸದ ಗಟ್ಟಿ ಕೂಲೆಂಟ್ ತಂದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿ, ನಲ್ಲಿ ನೀರು ಬೇಡ. ಎಷ್ಟಕ್ಕೆ ಎಷ್ಟು ಅಂತ ಡಬ್ಬದ ಮೇಲೇ ಬರೆದಿರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ.

ಕಾರು ಬಿಸಿಯಾಗುತ್ತದೆ ಅಂದರೆ ಕೆಲವು ಗ್ಯಾರೇಜ್‌ಗಳಲ್ಲಿ ಥರ್ಮೋಸ್ಟಾಟ್ (ಬಿಸಿ ನೋಡಿಕೊಂಡು ಕೂಲೆಂಟ್ ಹರಿಯಲು ಬಿಡುವ ಭಾಗ) ಕಿತ್ತು ಹಾಕಿ "ಇನ್ನು ತೊಂದ್ರೆ ಇಲ್ಲ" ಅನ್ನುತ್ತಾರೆ. ಒಪ್ಪಬೇಡಿ. ಎಂಜಿನ್ ಸರಿಯಾದ ಬಿಸಿಗೆ ಬರಲು ಅದು ಬೇಕೇ ಬೇಕು. ಅದಿಲ್ಲದಿದ್ದರೆ ಎಂಜಿನ್ ಬೇಗ ಸವೆಯುತ್ತದೆ, ಮೈಲೇಜ್ ಬೀಳುತ್ತದೆ. ಹೊಸ ಥರ್ಮೋಸ್ಟಾಟ್ ಹಾಕಿಸಿ, ಜೊತೆಗೆ ರೇಡಿಯೇಟರ್ ಮುಚ್ಚಳದ ರಬ್ಬರ್, ಫ್ಯಾನ್ ಮೋಟರ್, ಹೋಸ್ ಪೈಪುಗಳನ್ನು ನೋಡಿಸಿ. ಎಂಜಿನ್ ತಣ್ಣಗಿರುವಾಗ ಹೋಸ್ ಹಿಸುಕಿ ನೋಡಿ. ಒಳಗೆ ಬಿರುಕು ಬಿಟ್ಟ ಹಾಗೆ ಕರಕರ ಅಂದರೆ, ಅಥವಾ ಊದಿಕೊಂಡಿದ್ದರೆ ಬದಲಾಯಿಸುವ ಕಾಲ ಬಂತು.

ಬೇಸಿಗೆಯಲ್ಲಿ ಪಾವಗಡದ ಕಡೆ ಹೋಗುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಒಂದು ಕಣ್ಣಿರಲಿ. ಯಾವಾಗಲೂ ನಿಲ್ಲುವ ಜಾಗಕ್ಕಿಂತ ಮೇಲೇರಿದರೆ ಏಸಿ ಆಫ್ ಮಾಡಿ. ಹೀಟರ್ ಇದ್ದರೆ ಪೂರ್ತಿ ಹಾಕಿ, ಸೆಕೆಯಾದರೂ ತಡೆದುಕೊಳ್ಳಿ, ಎಂಜಿನ್ ಬಿಸಿ ಒಂದಷ್ಟು ಅದರಿಂದ ಇಳಿಯುತ್ತದೆ. ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆರಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಒಳಗಿನ ಕುದಿನೀರು ಒತ್ತಡದಿಂದ ಮುಖಕ್ಕೇ ಚಿಮ್ಮುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವುದೂ ತಪ್ಪು, ಎಂಜಿನ್ನಿನ ಮೇಲ್ಭಾಗದ ಹೆಡ್ ಸೊಟ್ಟಗಾಗಬಹುದು, ಬಿರಿಯಬಹುದು. "ಇನ್ನೇನು ಊರು ಬಂತು, ಹಾಗೇ ಹೋಗಿಬಿಡೋಣ" ಅನ್ನುವವರ ಮಾತು ಕೇಳಬೇಡಿ. ಆ ನಾಲ್ಕು ಕಿಲೋಮೀಟರ್‌ಗೆ ಎಂಜಿನ್ನೇ ಬಿಚ್ಚಿಸಬೇಕಾಗುತ್ತದೆ.

ಕಣ್ಣಿಗೆ ಕಾಣದೆ ಮೋಸ ಮಾಡುವುದು ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ರಬ್ಬರ್ ಪಟ್ಟಿ. ಹಳೆಯ ಸ್ಯಾಂಟ್ರೋ, ಮಾರುತಿ 800ರಲ್ಲಿ ಬೆಲ್ಟ್ ಇದೆ. ಸ್ವಿಫ್ಟ್ ಡೀಸೆಲ್‌ನಲ್ಲಿ ಅದರ ಬದಲು ಚೈನ್. ನಿಮ್ಮದರಲ್ಲಿ ಯಾವುದು, ಎಷ್ಟು ಕಿಲೋಮೀಟರ್‌ಗೆ ಬದಲಾಯಿಸಬೇಕು ಅಂತ ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳಿ. ಓಡುತ್ತಿರುವಾಗ ಬೆಲ್ಟ್ ತುಂಡಾದರೆ ಹಲವು ಎಂಜಿನ್‌ಗಳಲ್ಲಿ ವಾಲ್ವ್‌ಗಳು ಬಾಗುತ್ತವೆ. ಆಗಿನ ಖರ್ಚಿನ ಮುಂದೆ ಬೆಲ್ಟಿನ ಖರ್ಚು ಏನೂ ಅಲ್ಲ. ಕಡಿಮೆ ಓಡಿದ್ದರೂ ವರ್ಷ ಕಳೆದ ಹಾಗೆ ರಬ್ಬರ್ ಒಣಗುತ್ತದೆ. ಬೆಲ್ಟ್ ಹಾಕಿಸುವಾಗ ಅದನ್ನು ಬಿಗಿಯಾಗಿಡುವ ಟೆನ್ಷನರ್ ಬೇರಿಂಗನ್ನೂ ಬದಲಾಯಿಸಿ, ಎರಡೆರಡು ಸಲ ಕೂಲಿ ಕೊಡುವುದು ತಪ್ಪುತ್ತದೆ.

ಬ್ರೇಕ್ ಮತ್ತು ಟೈರಿನಲ್ಲಿ ಕಂಜೂಸಿತನ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ತೇವ ಸೇರಿದ ಬ್ರೇಕ್ ಆಯಿಲ್ ಹೆಚ್ಚು ಬಿಸಿಯಾದಾಗ ಕುದ್ದು ಪೆಡಲ್ ಮೆತ್ತಗಾಗುತ್ತದೆ. ಇದು ಬೇಕೆಂದಾಗಲ್ಲ, ದೇವರಾಯನದುರ್ಗದ ಘಾಟಿ ಇಳಿಯುವಂಥ ಹೊತ್ತಿನಲ್ಲೇ ಆಗುವುದು. ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿ ಪೆಟ್ರೋಲ್ ಉಳಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಎರಡನೇ ಗೇರ್‌ನಲ್ಲಿ ಇಳಿಯಿರಿ, ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ಬ್ರೇಕ್ ಹೆಚ್ಚು ಬಿಸಿಯಾಗುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಹಳೇ ಕಾರು ಕಡಿಮೆ ಓಡುವುದರಿಂದ ಟೈರಿನ ಹಲ್ಲು ಚೆನ್ನಾಗಿಯೇ ಕಾಣುತ್ತದೆ, ಆದರೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ಅಂಥ ಟೈರ್‌ನಲ್ಲಿ ಬೇಸಿಗೆಯ ಮಧ್ಯಾಹ್ನ ಹೈವೇಯಲ್ಲಿ ನೂರರಲ್ಲಿ ಹೋಗುವುದು ಪ್ರಾಣಕ್ಕೆ ಅಪಾಯ. ಆರು ವರ್ಷ ದಾಟಿದ ಟೈರನ್ನು ನಾನಂತೂ ಇಟ್ಟುಕೊಳ್ಳುವುದಿಲ್ಲ. ಗಾಳಿ ಹಿಡಿಸುವುದು ಟೈರ್ ತಣ್ಣಗಿರುವಾಗ, ಸ್ಟೆಪ್ನಿಗೂ ಸೇರಿಸಿ.

ನಮ್ಮ ಕಡೆಯ ರಸ್ತೆಯಲ್ಲಿ ಇನ್ನೊಂದು ಅಪಾಯ ಇದೆ. ಸುಗ್ಗಿ ಬಂತೆಂದರೆ ಹಳ್ಳಿ ರಸ್ತೆಗಳ ಮೇಲೇ ಒಕ್ಕಣೆ. ರಾಗಿ ಆದರೂ ಪರವಾಗಿಲ್ಲ, ಹುರುಳಿ ಬಳ್ಳಿ ಬಹಳ ಕೆಟ್ಟದ್ದು. ಉದ್ದುದ್ದ ನಾರಿನಂತೆ ಇರುವುದರಿಂದ ಚಕ್ರದ ಆಕ್ಸಲ್‌ಗೆ, ಸೈಲೆನ್ಸರ್‌ಗೆ ಸುತ್ತಿಕೊಳ್ಳುತ್ತದೆ. ಸೈಲೆನ್ಸರ್ ಕಾದಿರುತ್ತದೆ, ಹುಲ್ಲು ಒಣಗಿರುತ್ತದೆ, ಬೆಂಕಿ ಹತ್ತಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಹೀಗೆ ಕಾರುಗಳು ಸುಟ್ಟುಹೋಗಿವೆ. ಆಯಿಲ್ ಜಿನುಗುವ ಹಳೇ ಕಾರಿಗೆ ಇದು ಇನ್ನೂ ಅಪಾಯ. ರಸ್ತೆಯಲ್ಲಿ ಹುರುಳಿ ಹರಡಿರುವುದು ಕಂಡರೆ ನಿಲ್ಲಿಸಿ, ಒಕ್ಕುವವರನ್ನು ಕೇಳಿ ಸ್ವಲ್ಪ ಸರಿಸಿಕೊಂಡು ಹೋಗಿ, ಇಲ್ಲವೇ ಬೇರೆ ದಾರಿ ಹಿಡಿಯಿರಿ. ದಾಟಲೇಬೇಕಾಯಿತು ಅಂದರೆ ದಾಟಿದ ತಕ್ಷಣ ಇಳಿದು ಕೆಳಗೆ ಬಗ್ಗಿ ನೋಡಿ, ಸಿಕ್ಕಿದ್ದನ್ನು ಕೋಲಿನಿಂದ ಎಳೆದು ಹಾಕಿ. ಸುಟ್ಟ ವಾಸನೆ ಬಂದರೆ ಮೊದಲು ಮಕ್ಕಳು, ವಯಸ್ಸಾದವರನ್ನು ಇಳಿಸಿ ದೂರ ಕಳಿಸಿ. ಸಾಮಾನಿನ ಯೋಚನೆ ಆಮೇಲೆ.

ನಿಲ್ಲಿಸುವ ಜಾಗಕ್ಕೂ ಬೆಲೆಯಿದೆ. ನೆರಳು ಅಂತ ತೆಂಗಿನ ಮರದ ಬುಡದಲ್ಲಿ ನಿಲ್ಲಿಸಬೇಡಿ, ಕಾಯಿ ಬೀಳದಿದ್ದರೂ ಒಣ ಗರಿ ಬಿದ್ದರೆ ಗಾಜು ಹೋಗುತ್ತದೆ. ತೋಟದ ಮನೆಯಲ್ಲಿ, ಕೊಬ್ಬರಿ ರಾಶಿಯ ಹತ್ತಿರ ನಿಲ್ಲಿಸಿದರೆ ಇಲಿ ಬಾನೆಟ್ ಒಳಗೆ ಸೇರಿ ವೈರ್ ಕಡಿಯುತ್ತದೆ. ಕೆಲವರು ಹೊಗೆಸೊಪ್ಪು ಕಟ್ಟುತ್ತಾರೆ, ಕೆಲವರು ನುಸಿಗುಳಿಗೆ ಇಡುತ್ತಾರೆ. ಸ್ವಲ್ಪ ದಿನ ಅಷ್ಟೇ. ವಾರವಿಡೀ ನಿಂತಲ್ಲೇ ಬಿಡದೆ ಆಗಾಗ ಓಡಿಸುವುದು, ರಾತ್ರಿ ಬಾನೆಟ್ ತೆರೆದಿಡುವುದು ಇವೇ ಹೆಚ್ಚು ಫಲ ಕೊಡುತ್ತವೆ. ಓಡಿಸುತ್ತಿದ್ದರೆ ಬ್ಯಾಟರಿಯೂ ಇಳಿಯುವುದಿಲ್ಲ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೈನಸ್ ವೈರ್ ಮೊದಲು ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ವ್ಯಾಸಲೀನ್ ಹಚ್ಚಿ. ಮತ್ತೆ ಹಾಕುವಾಗ ಪ್ಲಸ್ ಮೊದಲು.

ಈಗ ಬಂಕ್‌ನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ನಮ್ಮ ಹಳೇ ಕಾರುಗಳನ್ನು ಅದಕ್ಕೆಂದು ಮಾಡಿದ್ದಲ್ಲ. ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹಳೆಯ ರಬ್ಬರ್ ಪೈಪು, ವಾಷರ್‌ಗಳು ಬೇಗ ಸವೆಯಬಹುದು. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಪೆಟ್ರೋಲ್ ಪೈಪುಗಳನ್ನು ತೋರಿಸಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಅನ್ನಬೇಡಿ. ಎಥೆನಾಲ್ ತೇವ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ಅದೇ ಪೆಟ್ರೋಲ್ ಟ್ಯಾಂಕಿನಲ್ಲಿ ಕೂರುವುದೂ ಒಳ್ಳೆಯದಲ್ಲ.

ಸ್ಪೇರ್ ಸಾಮಾನು ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ. ಬಿಚ್ಚಿದ ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ. ಬಾಗಿಲ ಹಿಡಿ, ಕನ್ನಡಿ, ಸೀಟು ಇವೆಲ್ಲ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಬ್ರೇಕ್, ಸ್ಟಿಯರಿಂಗ್, ಬೆಲ್ಟ್ ಮಾತ್ರ ಹೊಸದೇ, ಒಳ್ಳೆಯ ಕಂಪನಿಯದ್ದೇ. ಯಾವ ಗ್ಯಾರೇಜ್ ಆದರೂ ಬದಲಾಯಿಸಿದ ಹಳೇ ಸಾಮಾನು ವಾಪಸ್ ಕೊಡಿ ಅಂತ ಮೊದಲೇ ಹೇಳಿ. ಒಳ್ಳೆಯ ಮೆಕ್ಯಾನಿಕ್ ಬೇಸರ ಮಾಡಿಕೊಳ್ಳುವುದಿಲ್ಲ, ಯಾಕೆ ಸವೆಯಿತು ಅಂತ ತೋರಿಸಿಯೇ ಕೊಡುತ್ತಾನೆ. ಅಂಥವನು ಸಿಕ್ಕರೆ ನೂರಿನ್ನೂರಕ್ಕೆ ಚೌಕಾಸಿ ಮಾಡಬೇಡಿ.

ಕಾಗದ ಪತ್ರಕ್ಕೆ ಬರೋಣ. ಸ್ವಂತ ಕಾರಿನ ಆರ್‌ಸಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು, ಅದು ಫಾರಂ 25. ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ ಕಾರಿಗೆ ₹5,000 ಆಗಿದೆ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ₹10,000. ಗ್ರೀನ್ ಟ್ಯಾಕ್ಸ್ ಬೇರೆ. ಆರ್‌ಟಿಒಗೆ ಕಾರನ್ನೇ ತೆಗೆದುಕೊಂಡು ಹೋಗಿ ತೋರಿಸಬೇಕು. ಹೋಗುವ ಮೊದಲು ಹಾರ್ನ್, ವೈಪರ್, ಎಲ್ಲ ಲೈಟು, ಸೀಟ್ ಬೆಲ್ಟ್ ನೋಡಿಕೊಳ್ಳಿ, ಚಾಸಿ ನಂಬರ್ ಮೇಲಿನ ಕೊಳೆ ತೆಗೆದು ಓದುವಂತೆ ಮಾಡಿ. ಹಳೆಯ ನಂಬರ್ ಪ್ಲೇಟ್ ಇದ್ದರೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಹಾಕಿಸಿರಬೇಕು. ಇನ್ಶೂರೆನ್ಸ್, ಎಮಿಷನ್ ಚಾಲ್ತಿಯಲ್ಲಿರಬೇಕು. ಬಿಎಸ್-4 (ಹೊಗೆ ಮಾಲಿನ್ಯದ ಮಾನದಂಡ) ಬರುವುದಕ್ಕಿಂತ ಹಿಂದಿನ ಕಾರಿಗೆ ಎಮಿಷನ್ ಆರು ತಿಂಗಳಿಗೊಮ್ಮೆ, ಇದನ್ನು ಬಹಳ ಜನ ಮರೆಯುತ್ತಾರೆ. ಹಳೇ ಕಾರು ಓಡಿಸಬಾರದು ಅನ್ನುವ ದೆಹಲಿಯ ಸುದ್ದಿ ನೋಡಿ ನಮ್ಮ ಕಾರೂ ಗುಜರಿಗೆ ಹೋಗಬೇಕಾ ಅಂತ ಹೆದರುವವರಿದ್ದಾರೆ. ಅಲ್ಲಿಯ ವಯಸ್ಸಿನ ನಿರ್ಬಂಧ ಆ ಭಾಗದ್ದು.

ಯಾವಾಗ ಬಿಡಬೇಕು? ಕ್ಲಚ್, ಶಾಕ್ ಅಬ್ಸಾರ್ಬರ್, ರೇಡಿಯೇಟರ್ ಹೋದರೆ ಮಾಡಿಸಿ, ಇವೆಲ್ಲ ಸವೆಯುವ ಸಾಮಾನು. ಆದರೆ ಕೆಳಗಿನ ಚಾಸಿಗೆ, ಸಸ್ಪೆನ್ಷನ್ ಕೂರುವ ಜಾಗಕ್ಕೆ ತುಕ್ಕು ಹಿಡಿದು ತಗಡು ಪುಡಿಯಾಗುತ್ತಿದ್ದರೆ ಮುಂದೆ ದುಡ್ಡು ಹಾಕಬೇಡಿ. ಅಪಘಾತದಲ್ಲಿ ಅಂಥ ಕಾರು ಒಳಗಿರುವವರನ್ನು ಕಾಯುವುದಿಲ್ಲ. ಎಂಜಿನ್ ಕೆಲಸದ ಖರ್ಚು ಕಾರಿನ ಬೆಲೆಯನ್ನೇ ದಾಟುತ್ತದೆ ಅಂದಾಗಲೂ ಯೋಚಿಸಿ. ಏರ್‌ಬ್ಯಾಗ್ ಇಲ್ಲದ ಹಳೇ ಕಾರಿನಲ್ಲಿ ದಿನಾ ಬೆಂಗಳೂರು ಹೈವೇ ಓಡಾಟಕ್ಕೆ ಮಗನನ್ನು ಕಳಿಸಲು ನನಗೆ ಮನಸ್ಸಿಲ್ಲ. ಊರೊಳಗೆ, ತೋಟಕ್ಕೆ, ಮದುವೆ ಮನೆಗೆ ಸರಿ.

ಮಾರುವುದೇ ಆದರೆ ದುಡ್ಡು ಕೈಗೆ ಬಂದ ಕೂಡಲೇ ಕೀ ಕೊಟ್ಟು ಮರೆಯಬೇಡಿ. ಹೆಸರು ವರ್ಗಾವಣೆಯ ಫಾರಂ 29, 30 ಸಹಿ ಮಾಡಿ, ಕೊಂಡವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಂಡು, ಕೊಟ್ಟ ದಿನ, ಸಮಯ ಬರೆಸಿಕೊಳ್ಳಿ. ಆರ್‌ಸಿಯಲ್ಲಿ ನಿಮ್ಮ ಹೆಸರು ಇರುವವರೆಗೂ ಆ ಕಾರಿನಿಂದ ಏನಾದರೂ ಆದರೆ ಅದು ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಗುಜರಿಗೆ ಹಾಕುವುದಾದರೆ ಸರ್ಕಾರದಲ್ಲಿ ನೋಂದಾಯಿಸಿದ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿ, ಅವರು ಕೊಡುವ ಸರ್ಟಿಫಿಕೇಟ್ ತೆಗೆದುಕೊಳ್ಳಿ, ಆರ್‌ಟಿಒದಲ್ಲಿ ಆರ್‌ಸಿ ರದ್ದಾಯಿತಾ ಅಂತ ಒಂದು ಸಲ ಖಾತ್ರಿ ಮಾಡಿಕೊಳ್ಳಿ.